ಪರದೆಯ ಎದುರು ಒಂಟಿ ಗಿಟಾರು

(ಚಿತ್ರ ಪ್ರದರ್ಶನಕ್ಕೆ ಮುನ್ನ ಆಡಿದ ಮಾತುಗಳ ಬರಹರೂಪ)



ಇನ್ನು ಸ್ವಲ್ಪ ಹೊತ್ತಿನಲ್ಲಿ ನಾವು ನೋಡಲಿರುವ ‘ಡೆಡ್ ಮ್ಯಾನ್’, ಅಮೆರಿಕದ ಜಿಮ್ ಜಾರ್ಮುಶ್ 1995ರಲ್ಲಿ ನಿರ್ದೇಶಿಸಿದ ಕಪ್ಪು-ಬಿಳುಪು ಚಿತ್ರ. ಅದರ ಕಥೆಯನ್ನು ನಾನು ಹೇಳುವುದಿಲ್ಲ. ಸಂಗೀತದ ಬಗ್ಗೆ ಮಾತ್ರ ಒಂದೆರಡು ಮಾತು. ಕೃಷಿ ವಿಜ್ಞಾನದವನಿಗೆ ಸಂಗೀತದ ಉಸಾಬರಿ ಏಕೆಂದು ನೀವು ಕೇಳಬಹುದು. ಅದಕ್ಕೆ ಮುಂದೆ ಬರುತ್ತೇನೆ.

ಕೆನಡಾ ಮೂಲದ ಗಾಯಕ ನೀಲ್ ಯಂಗ್ ಈ ಚಿತ್ರಕ್ಕೆ ಸ್ವರ ಬರೆದು ಕೊಡಲಿಲ್ಲ, ವಾದ್ಯವೃಂದವನ್ನೂ ಕರೆಯಲಿಲ್ಲ. ಚಿತ್ರ ಓಡುತ್ತಿರುವ ಪರದೆಗಳ ಎದುರು ನಿಂತು, ಅದನ್ನು ನೋಡುತ್ತಲೇ, ಬಹುಪಾಲು ಎಲೆಕ್ಟ್ರಿಕ್ ಗಿಟಾರೊಂದರಲ್ಲೇ ಮನೋಧರ್ಮದಂತೆ ನುಡಿಸಿದರು. ಅಲ್ಲಲ್ಲಿ ಆರ್ಗನ್, ಪಿಯಾನೊಗಳುಂಟು. ಮೂಕಿಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ಕುಳಿತ ವಾದಕರು ಮಾಡುತ್ತಿದ್ದುದೂ ಇದನ್ನೇ. ನಮ್ಮ ಯಕ್ಷಗಾನದಲ್ಲಿ ವೇಷಧಾರಿಯ ಹೆಜ್ಜೆಯನ್ನೇ ಗಮನಿಸುತ್ತ ಚೆಂಡೆಯವರು ಪೆಟ್ಟು ಕೊಡುತ್ತಾರಲ್ಲ, ಅದಕ್ಕೂ ಹತ್ತಿರವೇ. ಆದರೆ ವೇಷಧಾರಿ ಚೆಂಡೆಗೆ ಮರುತ್ತರ ಕೊಡಬಲ್ಲ, ಪರದೆಯ ಮೇಲಿನ ಮನುಷ್ಯ ಕೊಡಲಾರ. ಸ್ಪಂದಿಸುವ ಹೊಣೆಯೆಲ್ಲ ನುಡಿಸುವವನದೇ.

ಈ ವಾದ್ಯದ ಗುಣವನ್ನೂ ತಿಳಿಯಬೇಕು. ಉಕ್ಕಿನ ತಂತಿ ಕಂಪಿಸಿದಾಗ ಅದರ ಕೆಳಗಿನ ಅಯಸ್ಕಾಂತದ ಸುರುಳಿಯಲ್ಲಿ ಅತಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ; ಅದು ವರ್ಧಿಸಿ ಧ್ವನಿವರ್ಧಕದಿಂದ ಹೊರಬರುತ್ತದೆ. ಸದ್ದು ಸಾಕಷ್ಟು ಜೋರಾಗಿದ್ದರೆ ಅದೇ ಗಾಳಿಯಲ್ಲಿ ಮರಳಿ ಬಂದು ತಂತಿಯನ್ನು ಪುನಃ ಅಲುಗಾಡಿಸುತ್ತದೆ. ಬೆರಳು ಸುಮ್ಮನಿದ್ದರೂ ನಾದ ನಿಲ್ಲುವುದಿಲ್ಲ. ನುಡಿಸುವವನು ತುಸು ಸರಿದು ನಿಂತರೂ ಸಾಕು, ಅದರ ಸ್ವಭಾವ ಬದಲಾಗುತ್ತದೆ. ಇಂಥದ್ದನ್ನು ಮೊದಲೇ ಬರೆದಿಡುವುದು ಕಷ್ಟ.

ಚಿತ್ರದ ಆರಂಭದಲ್ಲಿ ಪಶ್ಚಿಮಕ್ಕೆ ಸಾಗುವ ರೈಲಿನ ಪ್ರಯಾಣಿಕರು ಕಿಟಕಿಯಿಂದ ಬೈಸನ್‌ಗಳತ್ತ ಗುಂಡು ಹಾರಿಸುತ್ತಾರೆ. ನಮ್ಮ ಕಾಟಿಯ ದೂರದ ನಂಟನಾದ ಈ ಪ್ರಾಣಿ ಅಲ್ಲಿ ಒಮ್ಮೆ ಕೋಟಿಗಟ್ಟಲೆ ಇತ್ತು. 1889ರಲ್ಲಿ ವಿಲಿಯಂ ಹಾರ್ನಡೇ ಲೆಕ್ಕ ಹಾಕಿದಾಗ ಸಾಕಿದವೂ ಸೇರಿ ಉಳಿದಿದ್ದುದು 1,091. ತೊಗಲು ಕಾರ್ಖಾನೆ ಯಂತ್ರಗಳ ಪಟ್ಟಿಯಾಯಿತು. ಬಯಲಿನಲ್ಲಿ ಬಿದ್ದಿದ್ದ ಎಲುಬನ್ನು ಆಯ್ದು ರೈಲಿಗೇರಿಸಿ ಗೊಬ್ಬರ ಮಾಡಿದರು. ಎಲುಬುಹುಡಿಯ ರಂಜಕದ ಪ್ರಮಾಣವನ್ನು ಪಾಠವಾಗಿ ಕಲಿತ ನನ್ನಂಥವರು ಆ ರೈಲಿನಿಂದ ತೀರ ಹೊರಗಿನವರೇನಲ್ಲ.

ಇಷ್ಟೊಂದು ನಾಶವಿರುವ ಚಿತ್ರದಲ್ಲಿ ಕರುಣರಸ ಹರಿಸಲು ಪಿಟೀಲುಗಳಿಲ್ಲ. ಒಂದು ಸ್ವರ ಬೀಳುತ್ತದೆ, ಒರಟಾಗಿ ಚಾಚಿಕೊಳ್ಳುತ್ತದೆ, ಸುಮ್ಮನಾಗುತ್ತದೆ. ಎಲ್ಲಿ ಅಳಬೇಕೆಂದು ಅದು ನಮಗೆ ಹೇಳುವುದಿಲ್ಲ. ಕಾಡು ಕಡಿದ ದೃಶ್ಯ ಬಂದೊಡನೆ ಕೊಳಲು ಊದಿಸುವ ನಮ್ಮ ಸಾಕ್ಷ್ಯಚಿತ್ರಗಳ ಗೆಳೆಯರು ಇದನ್ನು ಗಮನಿಸಬೇಕೆಂಬುದು ನನ್ನ ಆಗ್ರಹ. ಕೊಳಲು ಕೇಳಿದ ಪ್ರೇಕ್ಷಕ ಮರುಗಿ ಹಗುರಾಗಿ ಮನೆಗೆ ಹೋಗುತ್ತಾನೆ. ಕಡಿದ ಬೊಡ್ಡೆಯನ್ನು ಅವನು ನೋಡಿಯೇ ಇರುವುದಿಲ್ಲ.

ಈ ಸಂಗೀತ ಎಲ್ಲರಿಗೂ ಹಿಡಿಸಲಿಲ್ಲ. ಪ್ರಸಿದ್ಧ ವಿಮರ್ಶಕ ರೋಜರ್ ಎಬರ್ಟ್ 1996ರಲ್ಲಿ, ಕೊನೆಯ ಅರ್ಧ ಗಂಟೆ ಯಾರೋ ಗಿಟಾರನ್ನು ಮತ್ತೆ ಮತ್ತೆ ನೆಲಕ್ಕೆ ಬೀಳಿಸಿದಂತಿದೆ ಎಂದು ಗೇಲಿ ಮಾಡಿದರು. ನಿಮ್ಮಲ್ಲಿ ಕೆಲವರಿಗೂ ಹಾಗೆನಿಸಬಹುದು, ನನ್ನ ತಕರಾರಿಲ್ಲ.

ಒಂದೇ ವಿನಂತಿ. ದೃಶ್ಯ ದೃಶ್ಯಗಳ ನಡುವೆ ಪರದೆ ಪೂರ್ತಿ ಕಪ್ಪಾಗುತ್ತದೆ. ಕರೆಂಟು ಹೋಯಿತೆಂದು ಯಾರೂ ಏಳಬೇಡಿ.