ಸ್ಟ್ರಾಡಿವೇರಿ ಪಿಟೀಲು ಅಷ್ಟು ಬೆಲೆ ಬಾಳುತ್ತದೆಯೇ?



ನಾನು ಸಂಗೀತಗಾರನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಓದುತ್ತಿದ್ದಾಗ ಎಂಟು ವರ್ಷ ಪಿಟೀಲು ಪಾಠಕ್ಕೆ ಹೋಗಿದ್ದೆ, ಅಷ್ಟೆ. ಹೊಟ್ಟೆಪಾಡಿಗೆ ಇಲ್ಲಿ ಇಂಗ್ಲೆಂಡಿನ ಒಂದು ಕಾರು ಕಂಪನಿಯಲ್ಲಿ ಶಬ್ದ, ಕಂಪನ ಅಳೆಯುವ ಕೆಲಸ. ಕಾರಿನ ಬಾಗಿಲು ಹಾಕಿದರೆ ಕೇಳುವ ಸದ್ದು ಎಷ್ಟು ಗಟ್ಟಿಯಾಗಿರಬೇಕು, ಎಷ್ಟು ದುಬಾರಿ ಅನ್ನಿಸಬೇಕು ಎಂದು ತೀರ್ಮಾನಿಸುವುದಕ್ಕೂ ಒಂದು ವಿಭಾಗ ಇದೆ, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ. ಹಾಗಾಗಿ ಸದ್ದಿಗೂ ದುಡ್ಡಿಗೂ ಇರುವ ನಂಟು ನನಗೆ ದಿನನಿತ್ಯದ ವಿಷಯ.

ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣ ನೀವೇ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಇಲ್ಲಿನ ಶಾಲೆಗಳಲ್ಲಿ ಪಿಟೀಲು ಕಲಿಯುತ್ತಿದ್ದಾರೆ. ನಾಲ್ಕೈದು ವರ್ಷ ಆಗುತ್ತಿದ್ದಂತೆ ಮೇಷ್ಟ್ರು ನಿಧಾನವಾಗಿ ಹೇಳುತ್ತಾರೆ: ಮಗು ಚೆನ್ನಾಗಿ ನುಡಿಸುತ್ತಿದೆ, ಇನ್ನು ಸ್ವಲ್ಪ ಒಳ್ಳೆಯ ವಾದ್ಯ ಬೇಕು, ಹಳೆಯದಾದರೆ ವಾಸಿ. ಆ ‘ಹಳೆಯದು’ ಎಂಬ ಒಂದು ಮಾತಿಗೆ ಎರಡು ಸಾವಿರ ಪೌಂಡ್ ಎಂಟು ಸಾವಿರವಾಗುತ್ತದೆ. ಕೇರ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಗೆಳೆಯರೊಬ್ಬರು ಸಾಲ ತೆಗೆಯಲೇ ಎಂದು ಕೇಳಿ ನನಗೆ ಫೋನ್ ಮಾಡಿದ್ದರು. ಇನ್ನೊಂದು ಬಗೆಯ ಫೋನೂ ಬರುತ್ತದೆ: “ಅಣ್ಣಾ, ನಮ್ಮ ತಾತನ ಪಿಟೀಲಿನ ಒಳಗೆ ಸ್ಟ್ರಾಡಿವೇರಿಯಸ್ ಅಂತ ಚೀಟಿ ಇದೆ, ಎಷ್ಟು ಬರಬಹುದು?” ಈ ಎರಡು ಫೋನುಗಳಿಗೂ ಬೇರು ಒಂದೇ ಊರಿನಲ್ಲಿದೆ, ಇಟಲಿಯ ಕ್ರೆಮೋನಾದಲ್ಲಿ.

ಆಂಟೋನಿಯೋ ಸ್ಟ್ರಾಡಿವೇರಿ ಅಲ್ಲಿ ಬಾಳಿ, ತೊಂಬತ್ತು ದಾಟಿದ ಮೇಲೂ ಉಳಿ ಹಿಡಿದು, 1737ರಲ್ಲಿ ತೀರಿಕೊಂಡ. ಸಾವಿರಕ್ಕೂ ಹೆಚ್ಚು ವಾದ್ಯ ಮಾಡಿದ್ದಾನೆ ಎಂಬ ಅಂದಾಜಿದೆ, ಸುಮಾರು 650 ಉಳಿದಿವೆ. ಅದೇ ಊರಿನ ಗ್ವಾರ್ನೇರಿ ‘ದೆಲ್ ಜೇಸು’ ಅವನಿಗಿಂತ ಚಿಕ್ಕವನು, ಬೇಗ ಸತ್ತ, ಅವನ ಪಿಟೀಲುಗಳು ಇನ್ನೂ ಕಡಿಮೆ. ಬೆಲೆ ಕೇಳಿ. 1721ರಲ್ಲಿ ತಯಾರಾದ ‘ಲೇಡಿ ಬ್ಲಂಟ್’ ಎಂಬ ಸ್ಟ್ರಾಡಿವೇರಿ ಪಿಟೀಲು 1971ರಲ್ಲಿ ಲಂಡನ್ನಿನ ಹರಾಜಿನಲ್ಲಿ 84,000 ಪೌಂಡಿಗೆ ಹೋಯಿತು. ಅದೇ ಪಿಟೀಲು 2011ರಲ್ಲಿ 98 ಲಕ್ಷ ಪೌಂಡಿಗೆ ಹೋಯಿತು. ಮಾರಿದ ಜಪಾನಿನ ಪ್ರತಿಷ್ಠಾನ ಆ ಹಣವನ್ನು ಅಲ್ಲಿನ ಭೂಕಂಪ ಪರಿಹಾರಕ್ಕೆ ಕೊಟ್ಟಿತು. ಲೆಕ್ಕ ಹಾಕಿದರೆ ನಲವತ್ತು ವರ್ಷ ಸತತವಾಗಿ ವರ್ಷಕ್ಕೆ ಶೇಕಡಾ ಹನ್ನೆರಡೂವರೆಯ ಚಕ್ರಬಡ್ಡಿ. ಜಯನಗರದಲ್ಲಿ ಸೈಟು ತೆಗೆದಿಟ್ಟವರು ಮುಗುಳ್ನಗುತ್ತಿದ್ದೀರಿ, ಕಾಣಿಸುತ್ತಿದೆ.

ಈಗ ಕೇಳಬೇಕಾದ್ದು: ಆ ಬೆಲೆ ಕಿವಿಗೋ, ಕಣ್ಣಿಗೋ?

1977ರಲ್ಲಿ ಬಿಬಿಸಿ ರೇಡಿಯೋ 3 ಒಂದು ಪರೀಕ್ಷೆ ಮಾಡಿತು. ನಾಲ್ಕು ಪಿಟೀಲು: ಒಂದು ಸ್ಟ್ರಾಡಿವೇರಿ, ಒಂದು ಗ್ವಾರ್ನೇರಿ, 1846ರಲ್ಲಿ ಫ್ರಾನ್ಸಿನ ವಿಯೋಮ್ ಮಾಡಿದ್ದು ಒಂದು, ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನಲ್ಲಿ ತಯಾರಾದದ್ದು ಇನ್ನೊಂದು. ಪರದೆಯ ಹಿಂದೆ ನುಡಿಸಿದರು. ಕೇಳಲು ಕೂತವರು ಐಸಾಕ್ ಸ್ಟರ್ನ್, ಪಿಂಕಾಸ್ ಝುಕರ್‌ಮನ್ ಮತ್ತು ಲಂಡನ್ನಿನ ದೊಡ್ಡ ವಾದ್ಯ ವ್ಯಾಪಾರಿ ಚಾರ್ಲ್ಸ್ ಬೇರ್. ಮೂವರಲ್ಲಿ ಯಾರೂ ಎರಡಕ್ಕಿಂತ ಹೆಚ್ಚು ಸರಿಯಾಗಿ ಗುರುತಿಸಲಿಲ್ಲ. ಇಬ್ಬರು ಒಂದು ವರ್ಷದ ಇಂಗ್ಲಿಷ್ ಪಿಟೀಲನ್ನೇ ಸ್ಟ್ರಾಡಿವೇರಿ ಅಂದರು.

ಅದು ರೇಡಿಯೋ ಕಾರ್ಯಕ್ರಮ, ವಿಜ್ಞಾನ ಅಲ್ಲ ಎನ್ನಬಹುದು. ಸರಿ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಪಿಟೀಲು ಸ್ಪರ್ಧೆ ನಡೆದಾಗ ಫ್ರಾನ್ಸಿನ ವಿಜ್ಞಾನಿ ಕ್ಲೌಡಿಯಾ ಫ್ರಿಟ್ಸ್, ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ಮತ್ತಿತರರು ಸೇರಿ ಇದನ್ನು ಕ್ರಮಬದ್ಧವಾಗಿ ಮಾಡಿದರು. ಒಂದು ಹೋಟೆಲ್ ಕೋಣೆ, ಮಂದ ಬೆಳಕು. ನುಡಿಸುವವರ ಕಣ್ಣಿಗೆ ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ. ಹಳೆಯ ಮರದ ವಾಸನೆ ಗುಟ್ಟು ಬಿಟ್ಟುಕೊಡಬಾರದೆಂದು ಗದ್ದ ಊರುವ ಜಾಗಕ್ಕೆ ಒಂದಿಷ್ಟು ಸುಗಂಧ. (ನನ್ನ ವಿಭಾಗದಲ್ಲಿ ಇಷ್ಟು ಕಾಳಜಿಯಿಂದ ಪರೀಕ್ಷೆ ನಡೆದದ್ದನ್ನು ನಾನು ನೋಡಿಲ್ಲ.) ಮೂರು ಹೊಸ ಪಿಟೀಲು, ಎರಡು ಸ್ಟ್ರಾಡಿವೇರಿ, ಒಂದು ಗ್ವಾರ್ನೇರಿ. ಹಳೆಯ ಮೂರಕ್ಕೆ ಒಟ್ಟು ಸುಮಾರು ಒಂದು ಕೋಟಿ ಡಾಲರ್, ಹೊಸ ಮೂರಕ್ಕೆ ಸುಮಾರು ಒಂದು ಲಕ್ಷ. 21 ಜನ ನುಡಿಸಿದರು. ‘ಒಂದನ್ನು ಮನೆಗೆ ಒಯ್ಯಬಹುದು, ಯಾವುದು ಬೇಕು?’ ಎಂದಾಗ 13 ಜನ ಹೊಸದನ್ನು ಎತ್ತಿಕೊಂಡರು. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿ.

ಹೋಟೆಲ್ ಕೋಣೆಯಲ್ಲಿ ಆ ವಾದ್ಯದ ಗುಣ ಗೊತ್ತಾಗುವುದಿಲ್ಲ, ಸಭಾಂಗಣ ಬೇಕು ಎಂದು ಆಕ್ಷೇಪ ಬಂತು. ಅದು ನ್ಯಾಯವಾದ ಆಕ್ಷೇಪ. ಅದೇ ತಂಡ 2012ರಲ್ಲಿ ಪ್ಯಾರಿಸ್ ಹತ್ತಿರದ ವ್ಯಾನ್ಸೆನ್‌ನಲ್ಲಿ ಹತ್ತು ಜನ ಹೆಸರಾಂತ ಏಕವ್ಯಕ್ತಿ ವಾದಕರನ್ನು, ಆರು ಹಳೆಯ ಆರು ಹೊಸ ಪಿಟೀಲುಗಳನ್ನು ಸೇರಿಸಿ, ಕೋಣೆಯಲ್ಲೂ ಮುನ್ನೂರು ಆಸನದ ಸಭಾಂಗಣದಲ್ಲೂ ನುಡಿಸಿಸಿತು. ಹತ್ತರಲ್ಲಿ ಆರು ಜನ ಹೊಸದನ್ನೇ ಆರಿಸಿದರು. ಹಳೆಯದು ಯಾವುದು, ಹೊಸದು ಯಾವುದು ಎಂದು ಊಹಿಸುವುದರಲ್ಲಿ ಅವರು ನಾಣ್ಯ ಚಿಮ್ಮಿ ಹೇಳುವವರಿಗಿಂತ ಮೇಲಿರಲಿಲ್ಲ. ಆಮೇಲೆ ಪ್ಯಾರಿಸ್ ಮತ್ತು ನ್ಯೂಯಾರ್ಕಿನಲ್ಲಿ ಕೇಳುಗರ ಮೇಲೂ ಪರೀಕ್ಷೆ ನಡೆಯಿತು. ಅವರಿಗೂ ಹೊಸ ಪಿಟೀಲುಗಳ ಸದ್ದೇ ದೂರಕ್ಕೆ ಚೆನ್ನಾಗಿ ತಲುಪಿತು.

ಇಷ್ಟರಿಂದಲೇ ಸ್ಟ್ರಾಡಿವೇರಿಯ ಹೆಸರೆಲ್ಲ ಬೊಗಳೆ ಎಂದು ನಾನು ಹೇಳಲಾರೆ. ಪರೀಕ್ಷೆಗಳಿಗೆ ಸಿಕ್ಕ ಹಳೆಯ ವಾದ್ಯಗಳು ಬೆರಳೆಣಿಕೆಯಷ್ಟು. ಅವು ಸಾಲ ತಂದವು, ಅವುಗಳ ತಂತಿ, ಕುದುರೆ ಮುಟ್ಟಿ ಸರಿಪಡಿಸುವ ಸ್ವಾತಂತ್ರ್ಯ ಪರೀಕ್ಷಕರಿಗೆ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ದೊಡ್ಡ ವಾದಕರು ಹೇಳುವುದು ಒಂದು ಗಂಟೆಯ ಮಾತಲ್ಲ. ಹತ್ತು ವರ್ಷ ಜೊತೆಗಿದ್ದ ಮೇಲೆ ಆ ವಾದ್ಯ ತಮಗೆ ಬಿಲ್ಲಿನ ಸೂಕ್ಷ್ಮಗಳನ್ನು ಕಲಿಸಿತು ಎನ್ನುತ್ತಾರೆ. ಹತ್ತು ವರ್ಷ ಕಪ್ಪು ಕನ್ನಡಕ ಹಾಕಿಸಿ ಪರೀಕ್ಷೆ ಮಾಡಲು ಆಗುವುದಿಲ್ಲವಲ್ಲ. ಇನ್ನೊಂದು ಮಾತನ್ನು ಈ ಪರೀಕ್ಷೆಗಳನ್ನು ಹೊಗಳುವವರು ಮರೆಯುತ್ತಾರೆ: ಇಂದಿನ ಹೊಸ ಪಿಟೀಲುಗಳಲ್ಲಿ ಹೆಚ್ಚಿನವು ಸ್ಟ್ರಾಡಿವೇರಿ ಅಥವಾ ಗ್ವಾರ್ನೇರಿಯ ಅಚ್ಚನ್ನೇ ಹಿಡಿದು ಮಾಡಿದವು. ಶಿಷ್ಯ ಗುರುವಿಗೆ ಸಮನಾದ ಎಂದರೆ ಗುರುವಿಗೇನು ಅವಮಾನ? ಅವನ ಕೀರ್ತಿ ನ್ಯಾಯವಾದದ್ದೇ. ನನ್ನ ತಕರಾರು ಬೆಲೆಯ ಬಗ್ಗೆ ಮಾತ್ರ.

ಗುಟ್ಟು ಏನು ಎಂದು ಹುಡುಕಿದವರ ಕಥೆ ದೊಡ್ಡದು, ಬೇಗ ಮುಗಿಸುತ್ತೇನೆ. ಮೆರುಗೆಣ್ಣೆಯಲ್ಲಿ ಏನೋ ಇದೆ ಎಂದರು. ಪ್ಯಾರಿಸ್ಸಿನ ಸಂಗ್ರಹಾಲಯದವರು ಐದು ವಾದ್ಯಗಳನ್ನು ಪರಿಶೀಲಿಸಿ, ಅಂದಿನ ಚಿತ್ರಕಾರರು, ಬಡಗಿಗಳು ಬಳಸುತ್ತಿದ್ದ ಎಣ್ಣೆ, ರಾಳ, ಬಣ್ಣ ಅಷ್ಟೇ ಎಂದು 2009ರಲ್ಲಿ ತಿಳಿಸಿದರು. ಆ ಕಾಲದ ಕಡು ಚಳಿಗೆ ಮರ ನಿಧಾನವಾಗಿ ಬೆಳೆದು ಗಟ್ಟಿಯಾಯಿತು ಎಂದರು; ಆದರೆ ಅದೇ ಚಳಿ, ಅದೇ ಕಾಡಿನ ಮರ ಪಕ್ಕದ ಅಂಗಡಿಯವನಿಗೂ ಸಿಗುತ್ತಿತ್ತು. ಮರವನ್ನು ಬೊರಾಕ್ಸ್, ಪಟಿಕದಂಥ ಲವಣಗಳಲ್ಲಿ ಅದ್ದಿದ್ದರು ಎಂಬುದಕ್ಕೆ ರಾಸಾಯನಿಕ ಪುರಾವೆ ಸಿಕ್ಕಿದೆ. ಅದು ಹುಳು ಬೀಳದಿರಲೆಂದೋ, ನಾದಕ್ಕೆಂದೋ ಎಂಬುದು ಬೇರೆ ಪ್ರಶ್ನೆ. ನಾವು ಕಾರಿನ ಚಾಸಿಗೆ ಹಾಯಿಸುವಂಥ ಲೇಸರ್ ಕಿರಣಗಳನ್ನೇ ಸ್ಟ್ರಾಡಿವೇರಿ ಪಿಟೀಲುಗಳ ಮೇಲೂ ಹಾಯಿಸಿ, ಮರದ ಹಲಗೆ ಎಲ್ಲೆಲ್ಲಿ ಎಷ್ಟೆಷ್ಟು ನಡುಗುತ್ತದೆ ಎಂದು ಅಳೆದಿದ್ದಾರೆ. ಬೇರೆ ಒಳ್ಳೆಯ ಪಿಟೀಲಿನಲ್ಲಿ ಸಿಗದ ಒಂದೇ ಒಂದು ಗುಣ ಅಲ್ಲಿ ಕಂಡಿಲ್ಲ.

ಕೀರ್ತಿ ಕೂಡ ಮೊದಲಿಂದ ಹೀಗಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಸ್ಟ್ರಾಡಿವೇರಿಗಿಂತ ಆಸ್ಟ್ರಿಯಾದ ಯಾಕೋಬ್ ಸ್ಟೈನರ್‌ನ ಪಿಟೀಲಿಗೆ ಹೆಚ್ಚು ಬೇಡಿಕೆ. ಎದೆಯುಬ್ಬಿದ, ಮೃದು ದನಿಯ ವಾದ್ಯ ಅದು, ಅರಮನೆಯ ಕೋಣೆಗೆ ಹೇಳಿ ಮಾಡಿಸಿದಂತೆ. ಆಮೇಲೆ ಸಂಗೀತ ಟಿಕೆಟ್ ಮಾರುವ ದೊಡ್ಡ ಸಭಾಂಗಣಕ್ಕೆ ಬಂತು. ಹಿಂದಿನ ಸಾಲಿಗೂ ಕೇಳಬೇಕಾಯಿತು. ಚಪ್ಪಟೆ ಬೆನ್ನಿನ ಸ್ಟ್ರಾಡಿವೇರಿ ಆಗ ಮೇಲೆ ಬಂತು. ಅಷ್ಟಕ್ಕೂ ಬಿಡಲಿಲ್ಲ, ಅದರ ಕತ್ತು ಬಿಚ್ಚಿ ಉದ್ದ ಮಾಡಿದರು, ಓರೆ ಮಾಡಿದರು, ಒಳಗಿನ ಪಟ್ಟಿ ಬದಲಿಸಿದರು, ಕರುಳಿನ ತಂತಿ ತೆಗೆದು ಲೋಹದ್ದು ಕಟ್ಟಿದರು. ಇಂದು ವೇದಿಕೆಯಲ್ಲಿ ಕೇಳುವ ಸ್ಟ್ರಾಡಿವೇರಿಯ ನಾದವನ್ನು ಸ್ವತಃ ಸ್ಟ್ರಾಡಿವೇರಿ ಕೇಳಿರಲಿಲ್ಲ.

ನಮ್ಮ ತಿರುಮಕೂಡಲು ಚೌಡಯ್ಯನವರ ಮುಂದೆ ಇದ್ದದ್ದೂ ಇದೇ ಸಮಸ್ಯೆ. ಮೈಕ್ ಇಲ್ಲದ ಕಛೇರಿ, ದೊಡ್ಡ ಸಭೆ, ಪಿಟೀಲು ಹಿಂದಿನವರಿಗೆ ಕೇಳುವುದಿಲ್ಲ. ಅವರು ಇಟಲಿಯಿಂದ ಹಳೆಯ ವಾದ್ಯ ತರಿಸಲು ಹೋಗಲಿಲ್ಲ. ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದ ಕಟ್ಟಡಕ್ಕೂ ಏಳು ತಂತಿ ಇರುವುದನ್ನು ಮುಂದಿನ ಸಲ ಹೋದಾಗ ಎಣಿಸಿ ನೋಡಿ.

ಇನ್ನು ಬೆಲೆ. ನನ್ನ ಮಟ್ಟಿಗೆ ಬೆಲೆಯ ಗುಟ್ಟನ್ನು ಬಿಡಿಸುವುದು ಪ್ರಯೋಗಾಲಯ ಅಲ್ಲ, ಕಳ್ಳರ ಕಥೆಗಳು. 1936ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಬ್ರೋನಿಸ್ಲಾವ್ ಹೂಬರ್‌ಮನ್ ವೇದಿಕೆಯಲ್ಲಿದ್ದಾಗ, ಒಳಕೋಣೆಯಲ್ಲಿದ್ದ ಅವರ 1713ರ ಸ್ಟ್ರಾಡಿವೇರಿ ಕಳುವಾಯಿತು. ಅದು ಸೇರಿದ್ದು ಜೂಲಿಯನ್ ಆಲ್ಟ್‌ಮನ್ ಎಂಬ ಹೋಟೆಲ್ ಪಿಟೀಲುಗಾರನ ಕೈಗೆ. ಆತ ಅದಕ್ಕೆ ಬೂಟ್ ಪಾಲಿಷ್ ಬಳಿದು ಸುಮಾರು ಐವತ್ತು ವರ್ಷ ಎಲ್ಲರೆದುರು ನುಡಿಸಿದ. ಯಾರಿಗೂ ಅನುಮಾನ ಬರಲಿಲ್ಲ. 1985ರಲ್ಲಿ ಸಾಯುವ ಮುನ್ನ ಆತನೇ ಹೆಂಡತಿಗೆ ಹೇಳಿದ. ಅದೇ ಪಿಟೀಲನ್ನು ಈಗ ಜೋಶುವಾ ಬೆಲ್ ನುಡಿಸುತ್ತಾರೆ. 2007ರಲ್ಲಿ ಅವರು ವಾಷಿಂಗ್ಟನ್ನಿನ ಮೆಟ್ರೋ ನಿಲ್ದಾಣದಲ್ಲಿ ಟೋಪಿ ಹಾಕಿಕೊಂಡು 43 ನಿಮಿಷ ನುಡಿಸಿದಾಗ ಸಾವಿರಕ್ಕೂ ಹೆಚ್ಚು ಜನ ಹಾದುಹೋದರು, ನಿಂತು ಕೇಳಿದವರು ಏಳು ಮಂದಿ. ಚೀಟಿ ಕಾಣಿಸದಿದ್ದರೆ ಬೆಲೆ ಕೇಳಿಸುವುದಿಲ್ಲ.

ನಮ್ಮ ಲಂಡನ್ನಿನ ಕಥೆ ಇನ್ನೂ ಕಹಿ. 2010ರಲ್ಲಿ ಯೂಸ್ಟನ್ ನಿಲ್ದಾಣದ ಬಳಿ ತಿಂಡಿಗೆ ಕೂತಿದ್ದ ಹೆಸರಾಂತ ವಾದಕಿಯೊಬ್ಬರ 1696ರ ಸ್ಟ್ರಾಡಿವೇರಿ ಕಳುವಾಯಿತು. ಕಳ್ಳರು ಅದನ್ನು ನೂರು ಪೌಂಡಿಗೆ ಮಾರಲು ನೋಡಿದರು, ಕೊಳ್ಳುವವರು ಸಿಗಲಿಲ್ಲ. ಮೂರು ವರ್ಷದ ಮೇಲೆ ಪೊಲೀಸರು ಪತ್ತೆ ಹಚ್ಚಿದರು. ಆದರೆ ಅಷ್ಟರಲ್ಲಿ ಅವರು ವಿಮೆಯ ಹಣ ಪಡೆದು ಬೇರೆ ಪಿಟೀಲು ಕೊಂಡಾಗಿತ್ತು. ಅದು ಅವರಿಗೆ ಹಿಂತಿರುಗಲಿಲ್ಲ. ಅದೇ ಡಿಸೆಂಬರಿನಲ್ಲಿ ಹರಾಜಿಗೆ ಬಂದು 13 ಲಕ್ಷ 85 ಸಾವಿರ ಪೌಂಡಿಗೆ ಹೋಯಿತು. ನನ್ನನ್ನು ಕಾಡುವುದು ಇದು. ನುಡಿಸುವವರು ಕೊಳ್ಳಲಾರದ ಮಟ್ಟಕ್ಕೆ ಈ ವಾದ್ಯಗಳು ಹೋಗಿವೆ. ಬ್ಯಾಂಕು, ಪ್ರತಿಷ್ಠಾನ, ಶ್ರೀಮಂತರು ಇಟ್ಟುಕೊಂಡು ಕಲಾವಿದರಿಗೆ ಎರವಲು ಕೊಡುತ್ತಾರೆ, ಬೇಕೆಂದಾಗ ವಾಪಸ್ ಕೇಳುತ್ತಾರೆ.

ಹೂಡಿಕೆ ಎಂದು ನೋಡುವವರಿಗೂ ಎರಡು ಮಾತು. 2022ರಲ್ಲಿ ‘ಡಾ ವಿಂಚಿ’ ಎಂಬ ಸ್ಟ್ರಾಡಿವೇರಿ 1 ಕೋಟಿ 53 ಲಕ್ಷ ಡಾಲರಿಗೆ, 2025ರಲ್ಲಿ ‘ಯೋಕಿಮ್-ಮಾ’ 1 ಕೋಟಿ 12 ಲಕ್ಷಕ್ಕೆ ಹರಾಜಾದವು. ಲೇಡಿ ಬ್ಲಂಟ್ 2011ರಲ್ಲಿ ಮುಟ್ಟಿದ 1 ಕೋಟಿ 59 ಲಕ್ಷವನ್ನು ಎರಡೂ ದಾಟಲಿಲ್ಲ. ಇನ್ನು ಪಿಟೀಲು ಅಸಲಿಯೆಂದು ಹೇಳುವವನು, ಬೆಲೆ ಕಟ್ಟುವವನು, ಮಾರುವವನು ಎಷ್ಟೋ ಸಲ ಒಬ್ಬನೇ. ಈ ಲೋಕದ ದೊಡ್ಡ ವ್ಯಾಪಾರಿ ಡೀಟ್‌ಮರ್ ಮಾಖೋಲ್ಡ್‌ಗೆ 2012ರಲ್ಲಿ ವಿಯೆನ್ನಾದ ನ್ಯಾಯಾಲಯ ವಂಚನೆಗಾಗಿ ಆರು ವರ್ಷ ಜೈಲು ವಿಧಿಸಿತು.

ಈಗ ನಿಮ್ಮ ಫೋನುಗಳಿಗೆ ಉತ್ತರ. ತಾತನ ಪಿಟೀಲಿನ ಚೀಟಿ: ಫ್ರಾನ್ಸ್, ಜರ್ಮನಿಯ ಕಾರ್ಖಾನೆಗಳು ಲಕ್ಷಗಟ್ಟಲೆ ಪಿಟೀಲುಗಳಿಗೆ ಆ ಹೆಸರಿನ ಚೀಟಿ ಅಂಟಿಸಿದವು. ಮಾದರಿಯ ಹೆಸರು ಎಂಬಷ್ಟೇ ಅದರ ಅರ್ಥ. ಮಾರಬೇಡಿ, ಮಾರಿದರೆ ಬರುವ ಹಣಕ್ಕಿಂತ ತಾತ ದೊಡ್ಡವರು.

ಮಕ್ಕಳ ವಾದ್ಯ: ಹೊಸದು ಕೊಳ್ಳುವ ಮೊದಲು ಇರುವುದನ್ನೇ ಒಬ್ಬ ಒಳ್ಳೆಯ ರಿಪೇರಿಯವರಿಗೆ ತೋರಿಸಿ. ಪಿಟೀಲಿನ ಹೊಟ್ಟೆಯೊಳಗೆ ಅಂಟಿಸದೆ ನಿಲ್ಲಿಸಿದ ಒಂದು ಪುಟ್ಟ ಕಡ್ಡಿ ಇರುತ್ತದೆ. ಇಟಲಿಯವರು ಅದನ್ನು ‘ಆನಿಮಾ’, ಅಂದರೆ ಆತ್ಮ ಎನ್ನುತ್ತಾರೆ. ಅದು ಒಂದು ಮಿಲಿಮೀಟರ್ ಸರಿದರೂ ದನಿ ಬದಲಾಗುತ್ತದೆ. ಅದನ್ನು, ಕುದುರೆಯನ್ನು, ತಂತಿಯನ್ನು ಸರಿಮಾಡಿಸಿ. ಆಮೇಲೂ ಬೇಕೆನಿಸಿದರೆ ಅಂಗಡಿಯಲ್ಲಿ ಮೂರು ವಾದ್ಯ ತೆಗೆಸಿ. ಬೆಲೆ, ವಯಸ್ಸು ಹೇಳಬೇಡಿ ಎಂದು ಅಂಗಡಿಯವರಿಗೆ ಮೊದಲೇ ಹೇಳಿ. ಮಗು ಒಂದೇ ಬಿಲ್ಲಿನಲ್ಲಿ ಮೂರನ್ನೂ ನುಡಿಸಲಿ, ನೀವು ಗೋಡೆಯ ಕಡೆ ತಿರುಗಿ ಕೂತು ಕೇಳಿ. ಆಮೇಲೆ ಬೇರೆ ಯಾರಾದರೂ ನುಡಿಸಲಿ, ಮಗು ತಿರುಗಿ ಕೂರಲಿ. ಒಂದು ವಾರ ಮನೆಗೆ ಕೊಡಿ ಎಂದು ಕೇಳಲು ಸಂಕೋಚ ಬೇಡ. ಆ ರಾತ್ರಿ ಪಾಳಿಯ ಗೆಳೆಯರು ಹೀಗೇ ಮಾಡಿದರು. ಮಗಳು ಆರಿಸಿಕೊಂಡದ್ದು ಹೊಸದು, ಮೂರರಲ್ಲಿ ಎರಡನೆಯ ಬೆಲೆಯದು. ಸಾಲ ತೆಗೆಯಲಿಲ್ಲ.

ಕೊನೆಗೆ ಒಂದು ಪ್ರಕಟಣೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿ ಸ್ಟ್ರಾಡಿವೇರಿಯ 1716ರ ‘ಮೆಸ್ಸಾಯ’ ಪಿಟೀಲು ಗಾಜಿನೊಳಗಿದೆ. ನಿನ್ನೆ ತಾನೇ ಮೆರುಗು ಹಚ್ಚಿದಂತಿದೆ, ಏಕೆಂದರೆ ಅದನ್ನು ಯಾರೂ ನುಡಿಸುವುದಿಲ್ಲ. ಪ್ರವೇಶ ಉಚಿತ. ಮುಂದಿನ ತಿಂಗಳು ಮಿನಿಬಸ್ ಮಾಡಿ ಹೋಗೋಣ ಎಂದುಕೊಂಡಿದ್ದೇವೆ, ಬರುವವರು ಖಜಾಂಚಿಯವರ ಬಳಿ ಹೆಸರು ಬರೆಸಿ. ಮೊಸರನ್ನದ ಹೊಣೆ ನನ್ನದು.