ಹೆರಿಗೆಯ ವೆಚ್ಚ: ಎರಡು ದೇಶಗಳ ದಾರಿ



ಹೆರಿಗೆಯ ವೆಚ್ಚವನ್ನು ಯಾರು ಭರಿಸಬೇಕು? ಎರಡು ಸಿರಿವಂತ ದೇಶಗಳ ಉತ್ತರ ಬೇರೆ ಬೇರೆ. ಬ್ರಿಟನ್ನಿನಲ್ಲಿ 1948ರಲ್ಲಿ ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಯು ಮುಖ್ಯವಾಗಿ ತೆರಿಗೆಯ ಹಣದಿಂದ ನಡೆಯುತ್ತದೆ. ಅಲ್ಲಿ ನೆಲೆಸಿರುವ ನನ್ನ ಅಕ್ಕನ ಹೆರಿಗೆಯನ್ನು ತರಬೇತಿ ಪಡೆದ ಸೂಲಗಿತ್ತಿಯೇ ಮಾಡಿಸಿದರು, ಹಣ ಕೇಳಲಿಲ್ಲ. ಆದರೆ ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುವುದುಂಟು.

ಅಮೆರಿಕದಲ್ಲಿ ಬಡವರಿಗೆ 1965ರ ಮೆಡಿಕೇಡ್ ಯೋಜನೆಯುಂಟು; ಅನೇಕರಿಗೆ ಉದ್ಯೋಗದಿಂದ ದೊರೆಯುವ ವಿಮೆಯೇ ಆಧಾರ. ಅಲ್ಲಿರುವ ನನ್ನ ತಂಗಿಗೆ ತಜ್ಞರು ಬೇಗನೆ ದೊರೆತರು. ಆದರೆ ವಿಮೆಯಿದ್ದರೂ ತನ್ನ ಪಾಲಿನ ಹಣ ತೆರಬೇಕಾಯಿತು. ಪತಿಯ ಉದ್ಯೋಗ ಹೋದರೆ ಗತಿಯೇನೆಂಬ ಚಿಂತೆಯೂ ಕಾಡಿತು.

ನಮ್ಮಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿ ಹೆರಿಗೆ, ಔಷಧ, ಆಹಾರ, ವಾಹನ ಎಲ್ಲವೂ ಉಚಿತ. ಆದ್ದರಿಂದ ಗರ್ಭ ನಿಂತೊಡನೆ ಹೆಸರು ನೋಂದಾಯಿಸಿರಿ. ಖರ್ಚಿನ ಭಯಕ್ಕೆ ತಾಯಿಯ ಪ್ರಾಣ ಬಲಿಯಾಗದಿರಲಿ.