ಅರಸೊತ್ತಿಗೆ, ಧರ್ಮ ಮತ್ತು ನಮ್ಮ ಮಠಗಳು

(ಲಿಂಗನಮಕ್ಕಿಯಲ್ಲಿ ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ಇಲ್ಲಿಗೆ ಬರುವಾಗ ದಾರಿಯಲ್ಲಿ ಒಬ್ಬ ಯುವಕ ಕೇಳಿದ: "ಸಾರ್, ಕೆಳದಿ ಅರಸರು ನಮ್ಮವರು. ಈ ಸೀಮೆಯನ್ನೆಲ್ಲ ನಮ್ಮವರೇ ಆಳಿದ್ದು. ಅಂಥ ಕಾಲ ಮತ್ತೆ ಬರೋದು ಯಾವಾಗ?" ದಾರಿಯಲ್ಲಿ ನಾನು ಉತ್ತರ ಕೊಡಲಿಲ್ಲ. ಇಂದಿನ ಮಾತೇ ಅವನಿಗೆ ಉತ್ತರ.

ಅವನ ಹೆಮ್ಮೆ ಸುಳ್ಳಲ್ಲ. ಕೆಳದಿ, ಇಕ್ಕೇರಿ ಇದೇ ಸಾಗರ ತಾಲ್ಲೂಕಿನವು. ಬಿದನೂರು ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಭುವನಗಿರಿ ಎನಿಸಿಕೊಂಡ ಕವಲೇದುರ್ಗ ತೀರ್ಥಹಳ್ಳಿಯ ಕಡೆಗಿದೆ. ಸುಮಾರು 1500ರಿಂದ 1763ರವರೆಗೆ, ಲಿಂಗ ಕಟ್ಟಿಕೊಂಡ ಮನೆತನವೊಂದು ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳಿತು. ಶಿವಪ್ಪನಾಯಕರು ನೆಲದ ಗುಣ, ನೀರಿನ ಅನುಕೂಲ, ಬಿತ್ತನೆಯ ಖಂಡುಗ ನೋಡಿ ಕಂದಾಯ ಗೊತ್ತುಮಾಡಿದರು. ಅವರ 'ಶಿಸ್ತು' ಎಂಬ ಮಾತು ಇಂದಿಗೂ ನಮ್ಮ ಹಿರಿಯರ ಬಾಯಲ್ಲಿದೆ.

ಆ ಕಾಲದ ಯುರೋಪನ್ನು ಒಮ್ಮೆ ನೋಡೋಣ. ಇಂಗ್ಲೆಂಡಿನ ಎಂಟನೇ ಹೆನ್ರಿ ಲೂಥರನ ವಿರುದ್ಧ ಪುಸ್ತಕ ಬರೆದು, 1521ರಲ್ಲಿ ಪೋಪರಿಂದ 'ಧರ್ಮರಕ್ಷಕ' ಎಂಬ ಬಿರುದು ಪಡೆದವನು. ಮದುವೆಯ ವಿಷಯದಲ್ಲಿ ಮುಂದಿನ ಪೋಪರೊಬ್ಬರೊಡನೆ ಮುರಿದುಬಿದ್ದ ಮೇಲೆ, 1534ರಲ್ಲಿ ತಾನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥನಾದ. 1536ರಿಂದ 1540ರೊಳಗೆ ಅಲ್ಲಿನ ಕ್ರೈಸ್ತ ಮಠಗಳನ್ನೆಲ್ಲ ಮುಚ್ಚಿಸಿದ. ಅವುಗಳ ಭೂಮಿ ಅರಸನ ಬೊಕ್ಕಸಕ್ಕೆ ಸೇರಿತು, ಬಹುಪಾಲು ಶ್ರೀಮಂತರಿಗೆ ಮಾರಾಟವಾಯಿತು. ಹಿಂದಿನ ಅರಸರು, ಶ್ರೀಮಂತರು ಪುಣ್ಯಕ್ಕೆಂದು ಬಿಟ್ಟ ನೆಲವೇ ಅದರಲ್ಲಿ ಬಹಳವಿತ್ತು. ಜರ್ಮನಿಯಲ್ಲಿ 1555ರ ಆಗ್ಸ್‌ಬರ್ಗ್ ಒಪ್ಪಂದ, ದೊರೆಯ ಮತ ಯಾವುದೋ ಸೀಮೆಯ ಮತವೂ ಅದೇ ಎಂದು ಗೊತ್ತುಮಾಡಿತು. ಒಪ್ಪದವರು ಊರು ಬಿಡಬೇಕು. ಅಲ್ಲಿ 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಮತವೂ ರಾಜ್ಯದಾಸೆಯೂ ಬೇರೆ ಮಾಡಲಾಗದಂತೆ ಕಲೆತುಹೋಗಿದ್ದವು. ಫ್ರಾನ್ಸಿನಲ್ಲಿ 1598ರಲ್ಲಿ ಒಬ್ಬ ಅರಸ ಪ್ರೊಟೆಸ್ಟೆಂಟರಿಗೆ ಕೊಟ್ಟ ಅಭಯವನ್ನು, 1685ರಲ್ಲಿ ಅವನ ಮೊಮ್ಮಗ ಹದಿನಾಲ್ಕನೇ ಲೂಯಿ ಕಿತ್ತುಕೊಂಡ. ಲಕ್ಷಗಟ್ಟಲೆ ಜನ ದೇಶ ಬಿಟ್ಟರು.

ಅದೇ 1685ರಲ್ಲಿ ಬಿದನೂರಿನಲ್ಲಿ ಆಳುತ್ತಿದ್ದವರು ಚೆನ್ನಮ್ಮಾಜಿ. ಲಿಂಗನಿಷ್ಠೆಯುಳ್ಳ ತಾಯಿ. ಆದರೆ ಪ್ರಜೆಗಳು ಲಿಂಗ ಕಟ್ಟಿಕೊಳ್ಳಬೇಕೆಂದು ಆಕೆ ಆಜ್ಞೆ ಹೊರಡಿಸಲಿಲ್ಲ. ಈ ಮನೆತನದವರು ಮಹತ್ತಿನ ಮಠಗಳನ್ನು ಕಟ್ಟಿಸಿದರು. ಶೃಂಗೇರಿ ಮಠಕ್ಕೂ ದತ್ತಿ ಬಿಟ್ಟರು, ಕೊಲ್ಲೂರಿನ ದೇವಿಗೂ ಒಡವೆ ಕೊಟ್ಟರು. ಗೋವೆಯಿಂದ ವಲಸೆ ಬಂದ ಕ್ರೈಸ್ತರು ಇವರ ಕರಾವಳಿಯಲ್ಲಿ ಬೇಸಾಯ ಮಾಡಿಕೊಂಡು ಬದುಕಿದರು. ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಚೆನ್ನಮ್ಮಾಜಿ ದಾರಿ ಕೊಟ್ಟು, ಔರಂಗಜೇಬನ ಸೇನೆಯನ್ನು ಎದುರಿಸಿದ ಕಥೆ ನಿಮಗೆ ಗೊತ್ತೇ ಇದೆ. ಯುರೋಪಿನ ಅರಸರ ಪಕ್ಕದಲ್ಲಿ ನಿಲ್ಲಿಸಿ ನೋಡಿದಾಗ ನಮ್ಮವರು ಎತ್ತರವಾಗಿಯೇ ಕಾಣುತ್ತಾರೆ.

ಆದರೆ ಬಂಧುಗಳೇ, ಹೆಮ್ಮೆ ಪಡುವವನು ಲೆಕ್ಕವನ್ನೂ ಪೂರ್ತಿ ಓದಬೇಕು. ಕೆಳದಿ ಅರಸರ ಬಿರುದುಗಳನ್ನು ಗಮನಿಸಿ. 'ಶಿವಗುರುಭಕ್ತಿಪರಾಯಣ' ಎಂಬುದೊಂದು, ಅದು ಸರಿ. ಅದರ ಜೊತೆಗೇ ಇನ್ನೊಂದಿದೆ: 'ವಿಶುದ್ಧ ವೈದಿಕಾದ್ವೈತ ಸಿದ್ಧಾಂತ ಪ್ರತಿಷ್ಠಾಪಕ'. ಕೊರಳಲ್ಲಿ ಇಷ್ಟಲಿಂಗ, ಶಾಸನದಲ್ಲಿ ವೈದಿಕದ ಪ್ರತಿಷ್ಠಾಪನೆ! ಎಲ್ಲ ಮತದವರನ್ನೂ ಆಳುವ ಅರಸನಿಗೆ ಎಲ್ಲರ ಒಪ್ಪಿಗೆಯೂ ಬೇಕು, ಅದು ರಾಜನೀತಿ. ಅರಸನನ್ನು ನಾನು ದೂರುತ್ತಿಲ್ಲ. ಹುಟ್ಟಿನ ಮೇಲುಕೀಳನ್ನು ಒಪ್ಪದ ಶರಣರ ಮಾತು ಸಿಂಹಾಸನದ ಹತ್ತಿರ ಬಂದಾಗ ಮೆತ್ತಗಾಯಿತು ಎಂದಷ್ಟೇ ಹೇಳುತ್ತಿದ್ದೇನೆ. ಮಠಗಳು ಎದ್ದವು, ಉಂಬಳಿಗಳು ಬಂದವು. ಊರಿನ ಮೇಲುಕೀಳು ಇದ್ದಂತೆಯೇ ಇತ್ತು.

ಮೂರನೆಯ ಬಿರುದು 'ಎಡವಮುರಾರಿ'. ಇದರ ಹಿಂದೆ ಒಂದು ಐತಿಹ್ಯವಿದೆ. ಚೌಡಪ್ಪನಿಗೆ ನಿಧಿ ಕಂಡಿತಂತೆ. ಅದನ್ನು ತೆಗೆಯಲು ನರಬಲಿ ಬೇಕಾಯಿತಂತೆ. ಅವನ ಇಬ್ಬರು ಆಳುಗಳು, ಎಡವ ಮತ್ತು ಮುರಾರಿ, ತಮ್ಮ ಹೆಸರು ಉಳಿಯಬೇಕೆಂದು ಕೇಳಿಕೊಂಡು ತಲೆ ಕೊಟ್ಟರಂತೆ. ಕಥೆ ನಿಜವೋ ಅಲ್ಲವೋ, ನಾಡು ಅದನ್ನು ಮರೆಯಲಿಲ್ಲ. ಆಳುಗಳ ಹೆಸರು ಅರಸನ ಬಿರುದಾಯಿತು. ಹೆಸರು ಉಳಿಯಿತು, ತಲೆ ಉಳಿಯಲಿಲ್ಲ.

ಈಗ ನಮ್ಮ ಕಾಲಕ್ಕೆ ಬನ್ನಿ. 1951ರಲ್ಲಿ ಇದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಕೊಳಗದ ಅಳತೆಯ ಅನ್ಯಾಯಕ್ಕೆ ಎದುರು ನಿಂತರು. ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಗೇಣಿದಾರರು ಹೆಚ್ಚಿನವರು ದೀವರು. ಒಡೆಯರಲ್ಲಿ ನಮ್ಮವರೂ ಇದ್ದರು. ಕಾಯಕದ ಮಾತನ್ನು ಜಗತ್ತಿಗೆ ಹೇಳಿದವರ ಮಕ್ಕಳು ಅಂದು ಕೊಳಗದ ಯಾವ ಕಡೆ ನಿಂತಿದ್ದರು? ನಿಮ್ಮ ಮನೆಯ ಅಜ್ಜಂದಿರನ್ನು ಕೇಳಿ ನೋಡಿ. ಮುಂದೆ 1964ರಲ್ಲಿ ಈ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ನೀರು ನಾಡಿಗೆಲ್ಲ ಬೆಳಕು ಕೊಟ್ಟಿತು. ಆ ನೀರಿನಡಿ ಗದ್ದೆ, ತೋಟ, ಮನೆ ಬಿಟ್ಟು ಎದ್ದು ಹೋದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಅವರಲ್ಲಿ ಕೆಲವರು ಈ ಸಭೆಯಲ್ಲೇ ಕೂತಿದ್ದೀರಿ. ಎಡವ ಮುರಾರಿಯರ ಕಥೆ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಳುವವರ ಎದುರು ಇಂಥವರ ಪರವಾಗಿ ಮಾತನಾಡಬೇಕಾದವರು ಯಾರು? ಜಂಗಮ. ಆದರೆ ಆಳುವವರ ಕೈಯಿಂದ ಪಡೆದ ಜಂಗಮ ಆಳುವವರ ಎದುರು ಹೇಗೆ ಮಾತನಾಡಿಯಾನು? ಇಂದು ಅರಸರಿಲ್ಲ, ಉಂಬಳಿ ಇಲ್ಲ. ಬಜೆಟ್ಟಿನಲ್ಲಿ ಮಠಗಳಿಗೆ ಅನುದಾನವಿದೆ. ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರ ಕಾರೂ ಮಠದ ಅಂಗಳದಲ್ಲಿ ನಿಲ್ಲುತ್ತದೆ. ಶಾಲೆ, ಪ್ರಸಾದ ನಿಲಯ ನಡೆಸಲು ಹಣ ಬೇಕು, ನಿಜ. ಬಡವರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ನಮ್ಮ ಮಠಗಳ ಋಣ ನನ್ನ ಮೇಲೂ ಇದೆ. ನಾನು ಉಂಡದ್ದೂ ಮಠದ ಪ್ರಸಾದವನ್ನೇ. ಅದಕ್ಕೇ ಈ ಮಾತನ್ನು ಹೊರಗಿನವನಾಗಿ ಅಲ್ಲ, ಮನೆಯವನಾಗಿ ಆಡುತ್ತಿದ್ದೇನೆ. ಕೊಟ್ಟ ಕೈಗೆ ಕಿತ್ತುಕೊಳ್ಳುವುದೂ ಗೊತ್ತು ಎಂಬುದನ್ನು ಇಂಗ್ಲೆಂಡಿನ ಮಠಗಳು ಕಲಿತವು. ಇಲ್ಲಿಯೂ 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ರಾಣಿ ವೀರಮ್ಮಾಜಿಯವರು ಮಧುಗಿರಿಯಲ್ಲಿ ಸೆರೆಯಾದರು. ಎರಡೂವರೆ ಶತಮಾನದ ಆಶ್ರಯ ಹಾಗೆ ಮುಗಿಯಿತು.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಅಧಿಕಾರವೆಂದರೆ ಅಸ್ಪೃಶ್ಯ ಎಂದು ಅವರು ದೂರ ನಿಲ್ಲಲಿಲ್ಲ; ಲೆಕ್ಕ ಶುದ್ಧವಾಗಿಟ್ಟು ಕೆಲಸ ಮಾಡಿದರು. ಆದರೆ ಅನುಭವ ಮಂಟಪವನ್ನು ಬಿಜ್ಜಳನ ಭಂಡಾರದ ಮೇಲೆ ನಿಲ್ಲಿಸಲಿಲ್ಲ. ಅದು ನಿಂತದ್ದು ಶರಣರ ಕಾಯಕದ ಮೇಲೆ, ದಾಸೋಹದ ಮೇಲೆ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ವಿಷಯದಲ್ಲಿ ಅರಸು ಒಂದು ಕಡೆ, ಶರಣತತ್ತ್ವ ಇನ್ನೊಂದು ಕಡೆ ನಿಂತಾಗ, ಅವರು ಪದವಿ ಬಿಟ್ಟು ಕಲ್ಯಾಣದಿಂದ ಹೊರಟರು. ಹಾಗೆ ಹೊರಟು ಹೋಗುವ ಶಕ್ತಿ ಅವರಿಗಿತ್ತು. ನಮಗೆ ಇದೆಯೇ?

ಪೂಜ್ಯರ ಸನ್ನಿಧಿಯಲ್ಲಿ ಮೂರು ವಿನಂತಿಗಳನ್ನು ಇಟ್ಟು ಮಾತು ಮುಗಿಸುತ್ತೇನೆ. ಒಂದು: ಪ್ರತಿ ಶ್ರಾವಣದಲ್ಲಿ ಮಠದ ಆದಾಯ-ಖರ್ಚಿನ ಲೆಕ್ಕವನ್ನು ಭಕ್ತರ ಎದುರು ಓದೋಣ, ಸರ್ಕಾರದಿಂದ ಬಂದದ್ದೆಷ್ಟು, ಭಕ್ತರ ಕಣಜದಿಂದ ಬಂದದ್ದೆಷ್ಟು ಎಂದು ಬೇರೆ ಬೇರೆಯಾಗಿ. ಎರಡು: ಅಧಿಕಾರದಲ್ಲಿರುವವರು ಮಠಕ್ಕೆ ಬಂದರೆ ಎಲ್ಲರ ಜೊತೆ ಕೆಳಗೆ ಕೂರಲಿ, ಪ್ರಸಾದ ಸ್ವೀಕರಿಸಿ ಹೋಗಲಿ, ಮತದ ಮಾತು ಬೇಡ. ಮೂರು: ಈ ನೀರಿನಿಂದ ನೆಲೆ ಕಳೆದುಕೊಂಡವರ ಅರ್ಜಿಯ ಜೊತೆ, ಅವರು ಯಾವ ಜಾತಿಯವರೇ ಆಗಿರಲಿ, ಮಠದವರೊಬ್ಬರು ಕಚೇರಿಯವರೆಗೆ ನಡೆದು ಹೋಗಲಿ.

ದಾರಿಯಲ್ಲಿ ಸಿಕ್ಕ ಯುವಕ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ತಮ್ಮಾ, ನಮ್ಮವರು ಆಳಿದ ಕಾಲ ಮತ್ತೆ ಬರಲಿ ಎಂದು ನಾನು ಹಾರೈಸುವುದಿಲ್ಲ. ಯಾರು ಆಳಿದರೂ ಹೋಗಿ ನ್ಯಾಯ ಕೇಳಬಲ್ಲ ಮಠ ನಮ್ಮದಾಗಲಿ. ಮೊದಲ ಅರ್ಜಿಯನ್ನು ನೀನೇ ಬರೆ, ನಾನೂ ಜೊತೆಗೆ ಬರುತ್ತೇನೆ.